ಚೆಸ್ ಆಟದ ಇಟಾಲಿಯನ್ ಓಪನಿಂಗ್‌ನಲ್ಲಿ ಕುದುರೆ ಜಿ5ಕ್ಕೆ ಬಂದಾಗಲೆಲ್ಲ ಮಗಳು ಸೋಲುತ್ತಾಳೆ, ಕಪ್ಪು ಕಾಯಿಯಲ್ಲಿ ಏನು ಆಡಿಸಬೇಕು? (ಕಾಸರಗೋಡು)

ನೀವು ಹಾಕಿದ ಸ್ಕೋರ್‌ಶೀಟಿನಲ್ಲಿ ಮೊದಲ ನಾಲ್ಕು ನಡೆ ಸರಿಯಾಗಿಯೇ ಉಂಟು: ಇ4, ಇ5, ಕುದುರೆ ಎಫ್3, ಕುದುರೆ ಸಿ6, ಬಿಷಪ್ ಸಿ4, ಕುದುರೆ ಎಫ್6, ಕುದುರೆ ಜಿ5, ಡಿ5 (ಬಿಳಿ, ಕಪ್ಪು ಸರದಿಯಂತೆ; ಕಾಯಿಯ ಹೆಸರಿಲ್ಲದ್ದು ಕಾಲಾಳಿನ ನಡೆ). (ಓರೆಯಾಗಿ ನಡೆಯುವ ಕಾಯಿಯನ್ನು ಬಿಷಪ್ ಅಂತಲೇ ಬರೆಯುತ್ತೇನೆ. ಕನ್ನಡದಲ್ಲಿ ಆನೆ ಅಂದರೆ ಮೂಲೆಯ ರೂಕ್, ಮಲಯಾಳದಲ್ಲಿ ಆನೆ ಅಂದರೆ ಬಿಷಪ್. ನಮ್ಮೂರಲ್ಲಿ ಎರಡೂ ಭಾಷೆಯ ಮಕ್ಕಳು ಒಂದೇ ಬೋರ್ಡಿಗೆ ಕೂತರೆ ಗೊಂದಲ ಖಂಡಿತ.)

ಆಟ ಕೆಟ್ಟದ್ದು 5ನೇ ನಡೆಯಲ್ಲಿ. ಬಿಳಿಯ ಕಾಲಾಳು ಡಿ5ರಲ್ಲಿ ಹೊಡೆದ ಕೂಡಲೇ ಮಗಳು ಅದನ್ನು ಕುದುರೆಯಿಂದ ಹೊಡೆದಿದ್ದಾಳೆ. ನೋಡಲು ಸಹಜ ನಡೆ, ಆದರೆ ಈಗ ಬಿಳಿಯ ಕುದುರೆ ಎಫ್7ರಲ್ಲಿ ಬೀಳುತ್ತದೆ. ಮಂತ್ರಿಗೂ ಎಚ್8ರ ರೂಕ್‌ಗೂ ಒಟ್ಟಿಗೆ ಏಟು, ಹಾಗಾಗಿ ರಾಜನೇ ಹೊಡೆಯಬೇಕು. ಆಮೇಲೆ ಮಂತ್ರಿ ಎಫ್3ರಿಂದ ಚೆಕ್. ಡಿ5ರ ಕುದುರೆ ಉಳಿಯಬೇಕಾದರೆ ರಾಜ ಇ6ಕ್ಕೆ, ಬಯಲಿಗೆ, ಬರಬೇಕು. ಕುದುರೆ ಸಿ3 ಬಂತೆಂದರೆ ಡಿ5ರ ಮೇಲೆ ಬಿಷಪ್, ಮಂತ್ರಿ, ಕುದುರೆ ಮೂರೂ. ಇದೇ ಫ್ರೈಡ್ ಲಿವರ್ ಅನ್ನುವ ದಾಳಿ. ಕಂಪ್ಯೂಟರ್ ಹೇಗೋ ತಡೆದುಕೊಂಡೀತು, ಗಡಿಯಾರ ಓಡುವಾಗ ಮಕ್ಕಳಿಗೆ ಆಗದು.

5ನೇ ನಡೆ ಸಿ6ರ ಕುದುರೆಯನ್ನು ಎ5ಕ್ಕೆ ಆಡಿಸಿ. ಸಿ4ರ ಬಿಷಪ್‌ಗೆ ಏಟು ಬೀಳುತ್ತದೆ, ಎಫ್7ರ ಮೇಲಿನ ಒತ್ತಡ ಹೋಗುತ್ತದೆ. ಬಿಷಪ್ ಬಿ5ರಿಂದ ಚೆಕ್ ಕೊಟ್ಟರೆ ಸಿ6, ಅದನ್ನು ಬಿಳಿಯ ಕಾಲಾಳು ಹೊಡೆದರೆ ಬಿ ಕಾಲಾಳಿನಿಂದ ವಾಪಸ್. ಬಿಷಪ್ ಇ2ಕ್ಕೆ ಹೋದಾಗ ಎಚ್6. ಕುದುರೆ ಎಫ್3ಕ್ಕೆ ಹಿಂದೆ ಸರಿದರೆ ಇ4, ಕುದುರೆ ಇ5ಕ್ಕೆ ಬಂದರೆ ಬಿಷಪ್ ಡಿ6. ಒಂದು ಕಾಲಾಳು ಕಡಿಮೆ, ಬದಲಿಗೆ ಕಾಯಿಗಳೆಲ್ಲ ಬೇಗ ಹೊರಗೆ ಬರುತ್ತವೆ. ಆ ಕಾಲಾಳನ್ನು ವಾಪಸ್ ಪಡೆಯುವ ಆತುರ ಬೇಡ. ಬಿಳಿ 8ನೇ ನಡೆ ಮಂತ್ರಿ ಎಫ್3 ಆಡಿದರೆ ಗಾಬರಿಯಾಗದೆ ರೂಕ್ ಬಿ8.

4ನೇ ನಡೆಯಲ್ಲೇ ಎಚ್6 ಆಡಿ ಕುದುರೆಯನ್ನು ಓಡಿಸಲು ಹೋಗುವುದಂತೂ ಬೇಡವೇ ಬೇಡ. ಅದು ಓಡುವುದಿಲ್ಲ, ಎಫ್7ರಲ್ಲಿ ಹೊಡೆಯುತ್ತದೆ.

ಇಷ್ಟು ಬಾಯಿಪಾಠ ಕಷ್ಟವಾದರೆ 3ನೇ ನಡೆ ಬಿಷಪ್ ಸಿ5 ಸಾಕು. ಎಫ್6 ಖಾಲಿ ಇರುವುದರಿಂದ ಡಿ8ರ ಮಂತ್ರಿಗೆ ಜಿ5ರ ತನಕ ದಾರಿ ತೆರೆದಿರುತ್ತದೆ. ಕುದುರೆ ಅಲ್ಲಿಗೆ ಬಂದರೆ ಬಿಟ್ಟಿ ಸಿಕ್ಕಿತು. ಬಿಳಿ ಡಿ3 ಆಡಿದ ಮೇಲೆ ಕುದುರೆ ಎಫ್6 ಇಡಿ. ಆಗ ಕುದುರೆ ಜಿ5ಕ್ಕೆ ಬಂದರೂ ಕ್ಯಾಸಲ್ (ರಾಜ, ರೂಕ್ ಎರಡನ್ನೂ ಒಂದೇ ನಡೆಯಲ್ಲಿ ಸರಿಸುವುದು) ಮಾಡಿದರಾಯಿತು, ಎಫ್7ಕ್ಕೆ ರೂಕ್ ಕಾವಲು ನಿಲ್ಲುತ್ತದೆ. ಹತ್ತು ವರ್ಷದೊಳಗಿನವರಿಗೆ ನಾನು ಹೇಳುವುದು ಇದನ್ನೇ.