ಪುಸ್ತಕ ಅಟ್ಟಕ್ಕೆ ಹಾಕೋ ಮೊದಲು ಒಂದ್ಸಲ ಓದಿ

ಈ ತಿಂಗಳು ಶಿವಮೊಗ್ಗ ಕಡೆಯಿಂದ ಒಬ್ಬ ತಾಯಿ ಉದ್ದದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಸಾರ ಇಷ್ಟು:

"ಮಗನಿಗೆ ಹನ್ನೊಂದು ವರ್ಷ. ಅವನ ಚಿಕ್ಕಪ್ಪ ಬೆಂಗಳೂರಿಂದ ಬರ್ತಾ ಹ್ಯಾರಿ ಪಾಟರ್ (ಮಾಯಾಮಂತ್ರದ ಶಾಲೆಗೆ ಹೋಗೋ ಹುಡುಗನ ಇಂಗ್ಲಿಷ್ ಕಥೆ) ಸೆಟ್ ತಂದುಕೊಟ್ರು, ಮೂರು ಪುಸ್ತಕ ಮುಗಿಸಿದ್ದ. ನಮ್ಮ ಪ್ರಾರ್ಥನಾ ಕೂಟದ ಸಹೋದರಿಯೊಬ್ಬರು ನೋಡಿ, ಇದು ಮಾಟಮಂತ್ರದ ಪುಸ್ತಕ, ಮನೇಲಿಟ್ಟುಕೊಂಡ್ರೆ ಅಶುದ್ಧಾತ್ಮಕ್ಕೆ ಬಾಗಿಲು ತೆಗೆದ ಹಾಗೆ ಅಂದ್ರು. ವಾಟ್ಸಾಪ್ ಮೆಸೇಜ್ ಒಂದನ್ನೂ ಕಳಿಸಿದ್ರು, ಅದನ್ನ ಪ್ರಿಂಟ್ ಮಾಡಿ ಇದರ ಜೊತೆ ಇಟ್ಟಿದೀನಿ. ಪುಸ್ತಕಗಳನ್ನ ಡಬ್ಬಕ್ಕೆ ತುಂಬಿ ಅಟ್ಟಕ್ಕೆ ಹಾಕಿದೀನಿ. ಮಗ ಸರಿಯಾಗಿ ಮಾತಾಡ್ತಿಲ್ಲ. ನಾನು ಮಾಡಿದ್ದು ತಪ್ಪಾ? ಅಷ್ಟು ದಪ್ಪ ಪುಸ್ತಕ ಓದಿ ನೋಡೋಕೆ ನಮಗೆಲ್ಲಿದೆ ಟೈಮು?"

ಸಹೋದರಿ, ಮೊದಲು ಒಂದು ಮಾತು. ಮಗ ಏನು ಓದ್ತಿದಾನೆ ಅಂತ ತಲೆ ಕೆಡಿಸಿಕೊಳ್ಳೋ ತಾಯಂದಿರು ಈಗ ಕಮ್ಮಿ, ನೀವು ಅದರಲ್ಲೊಬ್ಬರು, ಅದಕ್ಕೆ ದೇವರಿಗೆ ಸ್ತೋತ್ರ. ನಿಮಗೆ ಎಚ್ಚರಿಕೆ ಹೇಳಿದ ಸಹೋದರಿಯ ಮನಸ್ಸೂ ಕೆಟ್ಟದ್ದಲ್ಲ. ಬೈಬಲಿನ ಧರ್ಮೋಪದೇಶಕಾಂಡ 18ರಲ್ಲಿ ಕಣಿ, ಶಕುನ, ಮಾಟ, ಸತ್ತವರನ್ನ ಕೇಳೋದು ಎಲ್ಲಾ ಬೇಡ ಅಂತ ಸ್ಪಷ್ಟವಾಗಿದೆ, ಅದರಲ್ಲಿ ಚೌಕಾಸಿ ಇಲ್ಲ. ಮಕ್ಕಳು ಗುಂಪು ಸೇರಿ ಕಾಯಿನ್ ಇಟ್ಟು ಆತ್ಮ ಕರೆಯೋ ಆಟ ಆಡ್ತಾರಲ್ಲ, ನನ್ನ ಮನೇಲಿ ಅದು ನಡೆದ್ರೆ ನಾನೂ ಅವತ್ತೇ ನಿಲ್ಲಿಸ್ತೀನಿ. ಅಷ್ಟರ ಮಟ್ಟಿಗೆ ನಾವೆಲ್ಲಾ ಒಂದೇ.

ಆದ್ರೆ ಆ ಮೆಸೇಜ್. ಅದನ್ನ ಓದಿ ನನಗೆ ಸಂಕಟ ಆಯ್ತು. ಹ್ಯಾರಿ ಪಾಟರ್ ಓದಿ 1 ಕೋಟಿ 40 ಲಕ್ಷ ಮಕ್ಕಳು ಸೈತಾನನ ಸಭೆ ಸೇರಿದಾರೆ, ಒಂಬತ್ತು ವರ್ಷದ ಹುಡುಗಿ ಸಂಡೇ ಸ್ಕೂಲ್ ಬಿಟ್ಟು ಮಂತ್ರ ಕಲೀತಿದಾಳೆ, ಲೇಖಕಿ ಕ್ರಿಸ್ತನ ಬಗ್ಗೆ ಹೊಲಸಾಗಿ ಮಾತಾಡಿದಾಳೆ ಅಂತೆಲ್ಲಾ ಇದೆಯಲ್ಲ, ಇದು ಎಲ್ಲಿಂದ ಬಂತು ಗೊತ್ತಾ? ಅಮೆರಿಕದಲ್ಲಿ 'ದಿ ಆನಿಯನ್' ಅಂತ ಒಂದು ಪತ್ರಿಕೆ, ಅದರಲ್ಲಿ ಬರೋದೆಲ್ಲಾ ತಮಾಷೆಗೆ ಕಟ್ಟಿದ ಸುದ್ದಿ. 2000ದ ಜುಲೈನಲ್ಲಿ, ಹ್ಯಾರಿ ಪಾಟರ್ ಕಂಡು ಹೆದರೋರನ್ನ ಗೇಲಿ ಮಾಡೋಕೆ ಅಂತಾನೇ ಅವರು ಇದನ್ನ ಬರೆದ್ರು. ಮಕ್ಕಳ ಹೆಸರು, ಅವರ ಮಾತು, ಲೆಕ್ಕ, ಲೇಖಕಿಯ ಹೇಳಿಕೆ, ಒಂದೂ ನಿಜ ಅಲ್ಲ. ಯಾರೋ ಕ್ರೈಸ್ತರು ಅದನ್ನ ನಿಜ ಅಂದ್ಕೊಂಡು ಇಮೇಲ್‌ನಲ್ಲಿ ಹಂಚಿದ್ರು, ಇಮೇಲ್‌ನಿಂದ ಇಮೇಲ್‌ಗೆ ಹೋಗಿ, ಕಾಲು ಶತಮಾನ ಆದ್ಮೇಲೆ ಈಗ ಕನ್ನಡದಲ್ಲಿ ನಿಮ್ಮ ಫೋನಿಗೆ ಬಂದಿದೆ. ಸುಳ್ಳು ಸಾಕ್ಷಿ ಹೇಳಬೇಡ ಅನ್ನೋದೂ ಹತ್ತು ಆಜ್ಞೆಗಳಲ್ಲೇ ಇದೆ ಅಲ್ವಾ? ಗೊತ್ತಿಲ್ಲದೆ ಫಾರ್ವರ್ಡ್ ಮಾಡಿದೆ ಅಂದ್ರೆ ಆಗಲ್ಲ, ಒಬ್ಬ ಹೆಂಗಸು ಆಡದ ದೇವದೂಷಣೆಯ ಮಾತನ್ನ ಅವಳ ಬಾಯಿಗೆ ತುರುಕಿ ಇಷ್ಟು ವರ್ಷ ಊರೂರು ಸುತ್ತಿಸಿದೀವಿ, ಅದೂ ಪ್ರಾರ್ಥನೆ ಗ್ರೂಪ್‌ಗಳಲ್ಲಿ.

ಓದೋಕೆ ಟೈಮಿಲ್ಲ ಅಂದ್ರಿ. ನೀವು ಒಬ್ಬರೇ ಅಲ್ಲ. ಅಮೆರಿಕದ ಜಾರ್ಜಿಯಾ ರಾಜ್ಯದ ಗ್ವಿನೆಟ್ ಕೌಂಟಿಯಲ್ಲಿ ಒಬ್ಬ ತಾಯಿ ಈ ಪುಸ್ತಕಗಳನ್ನ ಸ್ಕೂಲ್ ಲೈಬ್ರರಿಯಿಂದ ತೆಗೆಸೋಕೆ 2005ರಿಂದ 2007ರ ತನಕ ಹೋರಾಡಿದ್ರು, ಕೋರ್ಟಿಗೂ ಹೋಗಿ ಸೋತ್ರು. ಅವರೂ ಪುಸ್ತಕ ಪೂರ್ತಿ ಓದಿರಲಿಲ್ಲ, ತುಂಬಾ ಉದ್ದ, ನನಗೆ ನಾಲ್ಕು ಮಕ್ಕಳು ಅಂತ ಹೇಳಿದ್ರು. ಅರ್ಕನ್ಸಾ ರಾಜ್ಯದ ಸೀಡರ್‌ವಿಲ್ ಅನ್ನೋ ಊರಲ್ಲಿ 2002ರಲ್ಲಿ ಇನ್ನೊಂದು ಥರ ಆಯ್ತು. ಪುಸ್ತಕ ಇರಲಿ ಅಂತ ಶಾಲೆಯ ಲೈಬ್ರರಿ ಸಮಿತಿಯ ಹದಿನೈದು ಜನಾನೂ ಒಮ್ಮತದಿಂದ ಹೇಳಿದ್ರು, ಆದ್ರೂ ಸ್ಕೂಲ್ ಬೋರ್ಡ್ ಮೂರು-ಎರಡು ವೋಟಲ್ಲಿ, ತಂದೆತಾಯಿ ಸಹಿ ಹಾಕಿದ ಚೀಟಿ ಇಲ್ಲದೆ ಯಾವ ಮಗುಗೂ ಕೊಡಬಾರದು ಅಂತ ಮಾಡ್ತು. ಮುಂದಿನ ವರ್ಷ ಫೆಡರಲ್ ಜಡ್ಜ್, ವಾಪಸ್ ಕಪಾಟಿಗೆ ಇಡಿ ಅಂತ ಆರ್ಡರ್ ಮಾಡಿದ್ರು. 2019ರ ಮಾರ್ಚ್‌ನಲ್ಲಿ ಪೋಲೆಂಡಿನ ಗ್ದಾನ್ಸ್ಕ್‌ನಲ್ಲಂತೂ ಪಾದ್ರಿಗಳೇ ಚರ್ಚ್ ಹೊರಗೆ ಬೆಂಕಿ ಹಾಕಿ ಈ ಪುಸ್ತಕಗಳನ್ನ ಸುಟ್ಟರು, ಜೊತೆಗೆ ಬೊಂಬೆ ಚಿತ್ರ ಇರೋ ಒಂದು ಮಕ್ಕಳ ಕೊಡೆ ಕೂಡ! ಆಮೇಲೆ ಕ್ಷಮೆನೂ ಕೇಳಿದ್ರು. ಸುಡೋಕೆ ಸಮಯ ಸಿಗುತ್ತೆ, ಓದೋಕೆ ಸಿಗಲ್ಲ, ನನಗೆ ನೋವಾಗೋದು ಇಲ್ಲೇ.

ಎಫೆಸದಲ್ಲಿ ಸುಡಲಿಲ್ವಾ ಅಂತ ಕೇಳ್ತಾರೆ. ಅಪೊಸ್ತಲರ ಕೃತ್ಯಗಳು 19ನೇ ಅಧ್ಯಾಯ ತೆಗೆದು ನೋಡಿ. ಐವತ್ತು ಸಾವಿರ ಬೆಳ್ಳಿ ನಾಣ್ಯ ಬೆಲೆಬಾಳೋ ಪುಸ್ತಕ ಸುಟ್ಟಿದ್ದು ಹೌದು, ಆದ್ರೆ ಸುಟ್ಟೋರು ಯಾರು? ಮಾಟ ಮಾಡ್ತಿದ್ದೋರೇ, ತಮ್ಮದೇ ಕಸುಬಿನ ಪುಸ್ತಕಗಳನ್ನ ತಾವೇ ತಂದು ಸುಟ್ಟರು. ಮಕ್ಕಳ ಕೈಯಿಂದ ಕಥೆ ಕಿತ್ಕೊಂಡು ಸುಟ್ಟಿದ್ದಲ್ಲ. ಅದಕ್ಕಿಂತ ಎರಡು ಅಧ್ಯಾಯ ಹಿಂದೆ ಅಥೇನೆಯಲ್ಲಿ ಪೌಲ ಏನು ಮಾಡ್ತಾನೆ? ಗ್ರೀಕರ ಕವಿಗಳ ಸಾಲು ಬಾಯಲ್ಲೇ ಹೇಳ್ತಾನೆ, ಅಂದ್ರೆ ಓದಿಕೊಂಡಿದ್ದ. ಇನ್ನು ದಾನಿಯೇಲ. ಬಾಬೆಲಿನ ಅರಮನೆಯಲ್ಲಿ ರಾಜನ ಊಟ ಬೇಡ ಅಂದ ಹುಡುಗ, ಅಲ್ಲಿನ ಕಸ್ದೀಯರ ಗ್ರಂಥ ಓದಲ್ಲ ಅನ್ನಲಿಲ್ಲ, ಚೆನ್ನಾಗಿ ಓದಿದ, ಆ ರಾಜ್ಯದ ಮಂತ್ರವಾದಿಗಳಿಗಿಂತ ಹತ್ತು ಪಾಲು ಜಾಣ ಅನ್ನಿಸ್ಕೊಂಡ. ಸಂಡೇ ಸ್ಕೂಲ್‌ನಲ್ಲಿ ಸಿಂಹದ ಗವಿ ಮಾತ್ರ ಹೇಳ್ತೀವಿ, ಈ ಒಂದನೇ ಅಧ್ಯಾಯ ಬೇಗ ದಾಟಿಬಿಡ್ತೀವಿ.

ಧರ್ಮೋಪದೇಶಕಾಂಡ 18ನ್ನ ನಾನು ಹಗುರ ಮಾಡ್ತಿಲ್ಲ. ಅಲ್ಲಿ ದೇವರು ಬೇಡ ಅನ್ನೋದು ಮಾಡೋದನ್ನ, ನಂಬಿ ನಡೆಯೋದನ್ನ. ಆದ್ರೆ ನಮ್ಮ ಸಭೆಗಳಲ್ಲೇ ಎಷ್ಟು ಮನೆ ಗೊತ್ತಾ, ಗೃಹಪ್ರವೇಶಕ್ಕೆ ಪಾಸ್ಟರ್‌ನ ಕರೆಯೋ ಮೊದಲು ರಾಹುಕಾಲ ನೋಡ್ತಾರೆ, ಬೆಳಿಗ್ಗೆ ಪೇಪರ್ ಬಂದ ತಕ್ಷಣ ದಿನಭವಿಷ್ಯದ ಮೇಲೆ ಕಣ್ಣಾಡಿಸ್ತಾರೆ, ಮೂರು ದಾರಿ ಕೂಡೋ ಕಡೆ ಕುಂಕುಮ ಹಚ್ಚಿದ ನಿಂಬೆಹಣ್ಣು ಬಿದ್ದಿದ್ರೆ ಸ್ಕೂಟರ್ ತಿರುಗಿಸ್ಕೊಂಡು ಬೇರೆ ರೋಡಲ್ಲಿ ಹೋಗ್ತಾರೆ. ವಚನ ಇದಕ್ಕೆ ನೇರವಾಗಿ ತಾಗುತ್ತೆ, ಇದರ ಬಗ್ಗೆ ಕೂಟದಲ್ಲಿ ಮಾತೇ ಇಲ್ಲ. ನಿಮ್ಮ ಮಗನನ್ನೇ ಕೇಳಿ, ಅವನು ಓದಿ ಮುಗಿಸಿರೋ ಮೂರನೇ ಪುಸ್ತಕದಲ್ಲಿ ಭವಿಷ್ಯ ಹೇಳೋ ಟೀಚರ್ ಒಬ್ಬಳಿದಾಳೆ, ಚಹಾ ಕಪ್ಪಿನ ತಳ ನೋಡಿ ಸಾವು ಹೇಳ್ತಾಳೆ. ಇದ್ದಿದ್ದರಲ್ಲಿ ಜಾಣೆ ಹುಡುಗಿ ಹರ್ಮೈನಿ ಏನ್ ಮಾಡ್ತಾಳೆ? ಇದೆಲ್ಲಾ ಬೊಗಳೆ ಅಂತ ಬ್ಯಾಗ್ ಎತ್ಕೊಂಡು ಕ್ಲಾಸ್ ಬಿಟ್ಟೇ ಹೋಗ್ತಾಳೆ.

ಇನ್ನೊಂದು ವಿಷ್ಯ ನಮ್ಮವರಿಗೆ ಗೊತ್ತೇ ಇಲ್ಲ ಅನ್ಸುತ್ತೆ: ಇಂಗ್ಲಿಷ್‌ನ ಈ ಥರದ ಮಾಯಾಲೋಕದ ಕಥೆಗಳನ್ನ ಕಟ್ಟಿ ಬೆಳೆಸಿದೋರಲ್ಲಿ ಮುಂದಿನ ಸಾಲಿನವರು ಕ್ರೈಸ್ತರು. ಜಾರ್ಜ್ ಮ್ಯಾಕ್‌ಡೊನಾಲ್ಡ್ ಸ್ಕಾಟ್ಲೆಂಡಿನ ಸಭಾಪಾಲಕ. 1916ರಲ್ಲಿ ಹದಿನೇಳು ವರ್ಷದ ಒಬ್ಬ ನಾಸ್ತಿಕ ಹುಡುಗ ರೈಲ್ವೆ ಸ್ಟೇಷನ್ನಿನ ಪುಸ್ತಕದಂಗಡಿಯಲ್ಲಿ ಅವರ ಒಂದು ಮಾಯಾಕಥೆ ಕೊಂಡ್ಕೊಂಡ, ಆ ಪುಸ್ತಕದಿಂದ ತನ್ನ ಕಲ್ಪನೆಗೆ ದೀಕ್ಷಾಸ್ನಾನ ಆಯ್ತು ಅಂತ ಮುಂದೆ ಅವನೇ ಬರೆದ. ಅವನೇ ಸಿ. ಎಸ್. ಲೂಯಿಸ್. 1931ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಒಂದು ರಾತ್ರಿ ಗೆಳೆಯರ ಜೊತೆ ನಡೀತಾ ನಡೀತಾ ಆದ ಮಾತು ಲೂಯಿಸ್‌ನ ಕ್ರಿಸ್ತನ ಕಡೆಗೆ ತಿರುಗಿಸ್ತು, ಆ ಗೆಳೆಯರಲ್ಲಿ ಒಬ್ಬರು 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಅನ್ನೋ ಮಾಯಾಲೋಕದ ಕಥೆ ಬರೆದ ಕಟ್ಟಾ ಕ್ಯಾಥೊಲಿಕ್ ಟೋಲ್ಕಿನ್. ಪುರಾಣಕಥೆಗಳ ಬಗ್ಗೆ ಶುರುವಾದ ಚರ್ಚೆ ಸುವಾರ್ತೆಗೆ ಬಂದು ನಿಂತಿತು. ನಮ್ಮ ಇಷ್ಟದ ಎಷ್ಟೋ ಪ್ರಸಂಗಗಳಲ್ಲಿ ಲೂಯಿಸ್ ಮಾತು ಉದಾಹರಿಸ್ತಾರೆ, ಅದೇ ಲೂಯಿಸ್ ಮಕ್ಕಳಿಗೆ ಅಂತ 1950ರಿಂದ 56ರ ಒಳಗೆ ಮಾಟಗಾತಿ, ಮಾತಾಡೋ ಪ್ರಾಣಿ ತುಂಬಿರೋ ನಾರ್ನಿಯಾ ಅನ್ನೋ ಲೋಕದ ಏಳು ಪುಸ್ತಕ ಬರೆದ್ರು ಅಂತ ಮಾತ್ರ ಹೇಳಲ್ಲ.

ಆ ಏಳರಲ್ಲಿ 'ದಿ ಮ್ಯಾಜಿಶಿಯನ್ಸ್ ನೆಫ್ಯೂ' ಅಂತ ಒಂದಿದೆ, ನನಗೆ ಬಹಳ ಪ್ರಿಯ. ಡಿಗರಿ ಅನ್ನೋ ಹುಡುಗನ ತಾಯಿ ಸಾಯೋ ಹಾಗಿದಾಳೆ. ಅವನು ಆಸ್ಲಾನ್ ಅನ್ನೋ ಸಿಂಹದ ಮುಂದೆ ನಿಂತು, ತಲೆ ಬಗ್ಗಿಸಿಕೊಂಡೇ, ನನ್ನಮ್ಮನ್ನ ವಾಸಿ ಮಾಡ್ತೀಯಾ ಅಂತ ಕೇಳ್ತಾನೆ. ತಲೆ ಎತ್ತಿ ನೋಡಿದ್ರೆ ಸಿಂಹದ ಕಣ್ಣಲ್ಲಿ ದೊಡ್ಡ ದೊಡ್ಡ ಕಣ್ಣೀರು, ಅಮ್ಮನ ಬಗ್ಗೆ ತನಗಿಂತ ಸಿಂಹಕ್ಕೇ ಹೆಚ್ಚು ದುಃಖ ಆಗಿದೆಯೇನೋ ಅನ್ನೋ ಅಷ್ಟು. ಆಮೇಲೆ ಒಂದು ತೋಟದಲ್ಲಿ ಮಾಟಗಾತಿ ಬಂದು, ಈ ಹಣ್ಣು ಕದ್ದು ತಗೊಂಡು ಹೋಗು, ನಿನ್ನಮ್ಮ ಬದುಕ್ತಾಳೆ ಅಂತ ಪುಸಲಾಯಿಸ್ತಾಳೆ. ಹುಡುಗ ಕಷ್ಟಪಟ್ಟು ಬೇಡ ಅಂತಾನೆ. ಕದಿಯದೆ ಇದ್ದಿದ್ದಕ್ಕೇ ಕಡೆಗೆ ಅಂಥದೇ ಹಣ್ಣು ಅವನಿಗೆ ಸಿಂಹದ ಅಪ್ಪಣೆಯಿಂದಲೇ ಸಿಗುತ್ತೆ, ತಾಯಿ ಎದ್ದು ಕೂರ್ತಾಳೆ. ಇದನ್ನ ಬರೆದ ಲೂಯಿಸ್‌ಗೆ ಒಂಬತ್ತು ವರ್ಷ ಇದ್ದಾಗ, 1908ರಲ್ಲಿ, ಅವರ ತಾಯಿ ಕ್ಯಾನ್ಸರ್‌ನಲ್ಲಿ ತೀರಿಕೊಂಡ್ರು. ವಾಸಿ ಮಾಡಪ್ಪಾ ಅಂತ ಆ ಮಗು ಪ್ರಾರ್ಥನೆ ಮಾಡಿತ್ತು, ಆಗಲಿಲ್ಲ. ಏದೆನಿನ ಹಣ್ಣು, ಶೋಧನೆ, ವಿಧೇಯತೆ, ದುಃಖದಲ್ಲಿ ಜೊತೆ ಅಳೋ ದೇವರು, ಎಲ್ಲಾ ಇಲ್ಲಿದೆ, ಮಾಟಗಾತಿನೂ ಇದಾಳೆ. ಅವಳನ್ನ ತೆಗೆದುಬಿಟ್ರೆ ಹುಡುಗ ಬೇಡ ಅನ್ನೋದು ಯಾರಿಗೆ? ಇಂಗ್ಲಿಷ್ ಲೇಖಕ ಚೆಸ್ಟರ್ಟನ್ 1909ರಲ್ಲೇ ಹೇಳಿದ್ರು, ಭೂತದ ಭಯ ಮಗುವಿಗೆ ಕಥೆಯಿಂದ ಬರಲ್ಲ, ಅದು ಮೊದಲೇ ಇರುತ್ತೆ, ಕಥೆ ಕೊಡೋದು ಆ ಭೂತವನ್ನ ಕೊಲ್ಲೋ ಸಂತ ಜಾರ್ಜ್‌ನ ಅಂತ.

ನಮಗಂತೂ ಇದು ಹೊಸದೇ ಅಲ್ಲ. ಏಳು ಸಮುದ್ರದಾಚೆ, ಗುಹೆಯೊಳಗೆ, ಪಂಜರದ ಗಿಣಿಯಲ್ಲಿ ಪ್ರಾಣ ಇಟ್ಟ ರಾಕ್ಷಸನ ಕಥೆ ಕೇಳದೆ ಬೆಳೆದೋರು ನಮ್ಮ ತಲೆಮಾರಲ್ಲಿ ಯಾರಿದಾರೆ? ಚಂದಮಾಮದ ಬೇತಾಳ ಕ್ರೈಸ್ತರ ಮನೆಗೂ ಬರ್ತಿತ್ತು, ಭಾನುವಾರ ಆರಾಧನೆ ಮುಗಿಸಿ ಬಂದು ಓದ್ತಿದ್ವಿ, ನಮ್ಮಲ್ಲಿ ಯಾರೂ ಹೆಣ ಹೊತ್ತುಕೊಂಡು ಸ್ಮಶಾನ ಸುತ್ತಲಿಲ್ಲ. ಹ್ಯಾರಿ ಪಾಟರ್‌ನ ದುಷ್ಟನೂ ಸಾವಿಗೆ ಹೆದರಿ ತನ್ನ ಪ್ರಾಣವನ್ನ ತುಂಡು ಮಾಡಿ ಅಲ್ಲಲ್ಲಿ ಬಚ್ಚಿಡ್ತಾನೆ, ಆ ಗಿಣಿ ರಾಕ್ಷಸನ ಹಾಗೇನೇ. ಅವನ ಎದುರಿಗೆ ಹುಡುಗ ಏನು ಮಾಡ್ತಾನೆ ಅಂದ್ರೆ, ಬೇರೆಯವರಿಗೋಸ್ಕರ ತಾನೇ ಸಾಯೋಕೆ ನಡ್ಕೊಂಡು ಹೋಗ್ತಾನೆ. ಏಳನೇ ಪುಸ್ತಕದಲ್ಲಿ ಕ್ರಿಸ್ಮಸ್ ಹಿಂದಿನ ಸಂಜೆ, ಹಿಮ ಬಿದ್ದಿರೋ ಚರ್ಚ್ ಅಂಗಳದಲ್ಲಿ ಅವನು ತನ್ನ ಅಪ್ಪ ಅಮ್ಮನ ಸಮಾಧಿ ಹುಡುಕಿಕೊಂಡು ಹೋಗ್ತಾನೆ. ಕಲ್ಲಿನ ಮೇಲೆ ಕೆತ್ತಿರೋದು 1 ಕೊರಿಂಥ 15:26, ಕಡೆಯ ಶತ್ರುವಾದ ಮರಣವೇ ನಾಶವಾಗುತ್ತೆ ಅನ್ನೋ ವಚನ. ಹುಡುಗನಿಗೆ ಅರ್ಥ ಆಗಲ್ಲ, ಪಕ್ಕದಲ್ಲಿದ್ದ ಹರ್ಮೈನಿ, ಸಾವಿನ ಆಚೆಗೂ ಬದುಕೋದು ಅಂತ ಬಿಡಿಸಿ ಹೇಳ್ತಾಳೆ. ನಾವು ಸಮಾಧಿ ಮುಂದೆ ನಿಂತು ಓದೋ ಅಧ್ಯಾಯನೇ ಅದು! ಈ ಪುಟ ನಿಮ್ಮ ಅಟ್ಟದ ಡಬ್ಬದಲ್ಲಿದೆ, ಸಹೋದರಿ.

ಈಗ ಸ್ವಲ್ಪ ಬೈತೀನಿ, ಬೇಜಾರು ಮಾಡ್ಕೋಬೇಡಿ, ನಿಮಗೊಬ್ಬರಿಗೇ ಅಲ್ಲ. ಪುಸ್ತಕ ಅಟ್ಟಕ್ಕೆ ಹೋದ ಮೇಲೆ ಮಗನ ಕೈಗೆ ಏನು ಬಂತು? ಮೊಬೈಲ್ ಅಲ್ವಾ? ನೀವೇ ಪತ್ರದ ಕೊನೇಲಿ ಬರೆದಿದೀರಿ, ಈಗ ಊಟಕ್ಕೂ ಫೋನ್ ಬಿಡಲ್ಲ ಅಂತ. ರೀಲ್ಸ್‌ನಲ್ಲಿ ಏನು ಬರುತ್ತೆ ಅಂತ ಯಾವ ಕೂಟದ ಸಹೋದರಿ ಬಂದು ಚೆಕ್ ಮಾಡ್ತಾರೆ? ಬಾಸೆಲ್ ಮಿಷನ್‌ನವರು 1834ರಲ್ಲಿ ಸ್ವಿಟ್ಜರ್ಲೆಂಡಿನಿಂದ ಮಂಗಳೂರಿಗೆ ಬಂದ್ರು, ಆಮೇಲೆ ಪ್ರೆಸ್ ಹಾಕಿದ್ರು, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಕೊಟ್ಟರು, 1894ರಲ್ಲಿ ಕಿಟ್ಟೆಲ್ ಅವರ ನಿಘಂಟು ಹೊರಗೆ ಬಂತು. ಆ ಮಿಷನ್‌ನವರು ಕನ್ನಡಕ್ಕೆ ತಂದ, ಇಂಗ್ಲೆಂಡಿನ ಬನ್ಯನ್ ಬರೆದ ಯಾತ್ರಿಕನ ಕಥೆಯಲ್ಲೇ ರಾಕ್ಷಸ ಇದಾನೆ, ಮೈಯೆಲ್ಲಾ ಹುರುಪೆ ಇರೋ ರೆಕ್ಕೆಯ ಪಿಶಾಚಿ ಇದಾನೆ. ಅಂಥ ಹಿರಿಯರ ಮೊಮ್ಮಕ್ಕಳು ನಾವು, ಇವತ್ತು ನಮ್ಮ ಎಷ್ಟು ಚರ್ಚ್‌ಗಳಲ್ಲಿ ಮಕ್ಕಳಿಗೆ ಅಂತ ಒಂದು ಪುಸ್ತಕದ ಕಪಾಟಿದೆ? ಇದ್ರೂ ಬೀಗ, ಕೀ ಯಾರ ಹತ್ರ ಅಂತ ಯಾರಿಗೂ ಗೊತ್ತಿರಲ್ಲ. ವಿಬಿಎಸ್‌ನಲ್ಲಿ (ರಜೆಯಲ್ಲಿ ಮಕ್ಕಳಿಗೆ ನಡೆಸೋ ಬೈಬಲ್ ಶಾಲೆ) ಮೊದಲೆಲ್ಲಾ ಬಹುಮಾನಕ್ಕೆ ಪುಸ್ತಕ ಕೊಡ್ತಿದ್ರು, ಈಗ ಪ್ಲಾಸ್ಟಿಕ್ ಟಿಫನ್ ಬಾಕ್ಸ್, ವಾಟರ್ ಬಾಟಲ್. ಕನ್ನಡದಲ್ಲಿ ನಮ್ಮ ಮಕ್ಕಳಿಗೆ ಅಂತ ಕಥೆ ಬರೆಯೋರಿಲ್ಲ, ಬರೆದ್ರೆ ಅಚ್ಚು ಹಾಕೋರಿಲ್ಲ, ಅಚ್ಚಾದ್ರೆ ಕೊಳ್ಳೋರಿಲ್ಲ, ಸ್ಟೇಜ್‌ಗೆ ಎಲ್‌ಇಡಿ ಪರದೆ ಹಾಕೋಕೆ ಮಾತ್ರ ಕಾಣಿಕೆ ಸಲೀಸಾಗಿ ಕೂಡುತ್ತೆ. ಮಗು ಹಸಿದುಕೊಂಡು ಬೇರೆಯವರ ಮನೆ ಊಟಕ್ಕೆ ಹೋದ್ರೆ ಆ ಮನೆಯವರನ್ನ ಬೈದು ಏನು ಪ್ರಯೋಜನ?

ಇನ್ನು ನೀವು ಕೇಳಿದ್ದಕ್ಕೆ. ನಿಮ್ಮ ಮನೇಲಿ ಯಾವ ಪುಸ್ತಕ ಇರಬೇಕು ಅಂತ ತೀರ್ಮಾನ ಮಾಡೋ ಹಕ್ಕು ನಿಮ್ಮದು ಮತ್ತು ನಿಮ್ಮ ಯಜಮಾನರದ್ದು, ನನ್ನದಲ್ಲ, ಕೂಟದವರದ್ದೂ ಅಲ್ಲ. ಆದ್ರೆ ಓದಿ ತೀರ್ಮಾನ ಮಾಡಿ. ಮೊದಲನೇ ಪುಸ್ತಕ ಚಿಕ್ಕದು, ರಾತ್ರಿ ಪ್ರಾರ್ಥನೆ ಆದ್ಮೇಲೆ ದಿನಕ್ಕೊಂದು ಅಧ್ಯಾಯ ಅವನ ಕೈಲೇ ಗಟ್ಟಿಯಾಗಿ ಓದಿಸಿ, ಇಂಗ್ಲಿಷ್ ಕಷ್ಟ ಆದ್ರೆ ಅವನೇ ಕನ್ನಡದಲ್ಲಿ ಹೇಳ್ತಾನೆ, ಹನ್ನೊಂದು ವರ್ಷದ ಹುಡುಗನಿಗೆ ಅಮ್ಮನಿಗೆ ಕಥೆ ಹೇಳೋದು ಅಂದ್ರೆ ಎಷ್ಟು ಹಿಗ್ಗು ಗೊತ್ತಾ. ನಿಮಗೆ ಸರಿ ಕಾಣದ ಜಾಗ ಬಂದ್ರೆ ಅಲ್ಲೇ ನಿಲ್ಲಿಸಿ ಮಾತಾಡಿ. ನಾಲ್ಕನೇದರಿಂದ ಕಥೆ ಕತ್ತಲಾಗ್ತಾ ಹೋಗುತ್ತೆ, ಸಾವುಗಳಿವೆ, ಅದನ್ನ ಇನ್ನೊಂದು ವರ್ಷ ಬಿಟ್ಟು ಕೊಡ್ತೀನಿ ಅಂದ್ರೆ ನಾನು ಬೇಡ ಅನ್ನಲ್ಲ, ಆದ್ರೆ ಯಾಕೆ ಅಂತ ಅವನಿಗೆ ಹೇಳಿ. ಅಲ್ಲಿ ತನಕ ಲೂಯಿಸ್‌ನ ಮೊದಲ ನಾರ್ನಿಯಾ ಪುಸ್ತಕ ತರಿಸಿಕೊಡಿ, ಸಿಂಹ ಯಾರು ಅಂತ ನೀವಾಗಿ ಬಾಯಿ ಬಿಡಬೇಡಿ, ಅವನೇ ಕೇಳೋ ತನಕ ಕಾಯಿರಿ.

ಆ ಸಹೋದರಿಯ ಜೊತೆ ಜಗಳ ಬೇಡ. ಮನೆಗೆ ಕರೆದು ಕಾಫಿ ಕೊಟ್ಟು, ಮೆಸೇಜ್ ಸುಳ್ಳು ಅಂತ ಹೇಳಿ, ಗ್ರೂಪ್‌ನಲ್ಲಿ ಕಳಿಸಿದೋರೇ ಅದೇ ಗ್ರೂಪ್‌ನಲ್ಲಿ ತಿದ್ದಿ ಹಾಕಬೇಕು ಅಂತ ಕೇಳ್ಕೊಳ್ಳಿ. ಈ ಪುಟವನ್ನೇ ಫೋಟೋ ತೆಗೆದು ಕಳಿಸಿದ್ರೂ ನನ್ನ ಅಭ್ಯಂತರ ಇಲ್ಲ.

— ಸಂಪಾದಕ