ಅಜ್ಜ ಹೋದ ಮೇಲೆ ನಾಯಿ ಅನ್ನ ಬಿಟ್ಟಿದೆ, ಅದು ಬೇಕಂತಲೇ ಸಾಯುತ್ತಿದೆಯಾ?

ಐದು ದಿನದಿಂದ ತಿಂದಿಲ್ಲ, ಅಜ್ಜನ ಹತ್ತಿರ ಹೋಗಬೇಕು ಅಂತ ನಿರ್ಧಾರ ಮಾಡಿದೆ ಅನ್ನಿಸುತ್ತೆ, ಬಲವಂತ ಮಾಡದೆ ಬಿಟ್ಟುಬಿಡಲಾ ಅಂತ ಕೇಳಿದ್ದೀರಿ. ಬಿಡಬೇಡಿ. ನಾನು ಬಿಟ್ಟಿದ್ದೆ.

ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ, ರೇಷ್ಮೆ ಹುಳು ಸಾಕೋ ಮನೆ. 2018ರ ಏಪ್ರಿಲ್‌ನಲ್ಲಿ ಅಪ್ಪ ತೀರಿಕೊಂಡರು. ತೋಟದಲ್ಲೇ, ಹೊಂಗೆ ಮರದ ಕೆಳಗೆ ಮಣ್ಣು ಮಾಡಿದೆವು. ತಿಥಿ ಮುಗಿದು ಒಂದು ವಾರ ಆಗಿರಬೇಕು, ಅಪ್ಪನ ನಾಯಿ ಕರಿಯ ಮುದ್ದೆ ಮೂಸಿ ಮುಖ ತಿರುಗಿಸಿತು. ಮಾರನೇ ದಿನ ಹೋಗಿ ಸಮಾಧಿ ಮೇಲೆ ಮಲಗಿತು. ಎಬ್ಬಿಸಿ ತಂದರೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು.

ಊರೆಲ್ಲ ನೋಡೋಕೆ ಬಂತು. ಒಬ್ಬಮ್ಮ ಅದರ ಹಣೆಗೆ ಕುಂಕುಮ ಇಟ್ಟರು. ಊರಿನ ಮೇಷ್ಟ್ರು ಆತಕೂರು ಶಾಸನದ ಕಥೆ ಹೇಳಿ, ಗಂಗರ ಕಾಲದಲ್ಲಿ ಕಾಳಿ ಅನ್ನೋ ನಾಯಿಗೆ ಕಲ್ಲು ನಿಲ್ಲಿಸಿದ ಹಾಗೆ ಇವನಿಗೂ ಒಂದು ಕಲ್ಲು ಹಾಕಿಸಬೇಕು ಅಂದರು. ನನಗೆ ಎದೆ ತುಂಬಿ ಬಂತು. ಇಂಥ ನಾಯಿ ಸಾಕಿದ್ದರಲ್ಲ ನಮ್ಮಪ್ಪ ಅಂತ. ಆ ಕಾಳಿ ಹಂದಿ ಜೊತೆ ಹೋರಾಡಿ ಸತ್ತಿದ್ದು, ಸಾಯಬೇಕು ಅಂತ ಸತ್ತಿದ್ದಲ್ಲ ಅನ್ನೋದು ಆಗ ಹೊಳೆಯಲೇ ಇಲ್ಲ.

ಆರು ದಿನ ಕಾದೆ. ಆ ಆರು ದಿನದಲ್ಲಿ ಕಣ್ಣೆದುರೇ ಇದ್ದದ್ದನ್ನೆಲ್ಲ ಒಂದೊಂದಾಗಿ ಹೇಳ್ತೀನಿ, ನಿಮ್ಮ ನಾಯಿಯಲ್ಲಿ ಇದ್ದರೆ ಗುರುತು ಹಿಡಿಯಿರಿ.

ಕರಿಯ ಅನ್ನ ನೀರು ಎರಡೂ ಬಿಟ್ಟಿದೆ ಅಂತ ಎಲ್ಲರೂ ಹೇಳ್ತಿದ್ದರು, ನಾನೂ ಹೇಳ್ತಿದ್ದೆ. ಸುಳ್ಳು. ದನದ ತೊಟ್ಟಿಯಲ್ಲಿ ಅದು ನೀರು ಕುಡಿಯೋದನ್ನ ನಾನೇ ಎರಡು ಸಲ ನೋಡಿದ್ದೆ, ಬಹಳ ಹೊತ್ತು ಕುಡಿಯಿತು. ನೋಡಿಯೂ ಅದನ್ನ ಲೆಕ್ಕಕ್ಕೆ ತಗೊಳ್ಳಲಿಲ್ಲ. ಸಮಾಧಿಗೆ ದಿನಾ ಬೆಳಿಗ್ಗೆ ಅಮ್ಮ ನೀರು ಚಿಮುಕಿಸಿ ಹೂವಿಡ್ತಿದ್ದರು. ಹೊಸದಾಗಿ ಅಗೆದ ಸಡಿಲ ಮಣ್ಣು, ಮೇಲೆ ಹೊಂಗೆ ನೆರಳು. ಆ ಬಿಸಿಲಲ್ಲಿ ನಮ್ಮ ತೋಟದಲ್ಲೆಲ್ಲ ತಣ್ಣಗಿದ್ದ ಜಾಗ ಅದೊಂದೇ. ಮೈ ಸುಡುತ್ತಿರೋ ಪ್ರಾಣಿ ಇನ್ನೆಲ್ಲಿ ಮಲಗುತ್ತೆ? ಮೂಗಿನಿಂದ ಒಂದು ಹನಿ ರಕ್ತ ಜಗಲಿ ಕಲ್ಲಿನ ಮೇಲೆ ಬಿದ್ದಿತ್ತು. ಮುಳ್ಳು ತರಚಿರಬೇಕು ಅಂತ ಒರೆಸಿ ಹಾಕಿದೆ.

ಎಲ್ಲಕ್ಕಿಂತ ದೊಡ್ಡದು ಉಣ್ಣೆ, ನಾಯಿ ಮೈಗೆ ಕಚ್ಚಿಕೊಂಡು ರಕ್ತ ಹೀರುತ್ತಲ್ಲ, ಅದು. ಹುಳು ಮನೆ ಹತ್ತಿರ ನಾವು ಯಾವ ಕೀಟನಾಶಕವನ್ನೂ ಸುಳಿಯಗೊಡೋದಿಲ್ಲ, ಒಂಚೂರು ತಗುಲಿದರೂ ಬೆಳೆ ಪೂರ್ತಿ ಹೋಗುತ್ತೆ. ಅದಕ್ಕೇ ಕರಿಯನಿಗೆ ಉಣ್ಣೆ ಪುಡಿ, ಸ್ಪ್ರೇ ಯಾವುದೂ ಇರಲಿಲ್ಲ. ಅಪ್ಪ ಸಂಜೆ ಸೊಪ್ಪು ಹಾಕಿ ಬಂದು ಜಗಲಿಯಲ್ಲಿ ಕೂತು, ಕರಿಯನ ಕಿವಿ ಮಡಚಿ, ಬೆರಳ ಸಂದಿ ಬಿಡಿಸಿ, ಒಂದೊಂದೇ ಉಣ್ಣೆ ಕಿತ್ತು ಸೀಮೆಎಣ್ಣೆ ಡಬ್ಬಿಗೆ ಹಾಕ್ತಿದ್ದರು. ಪ್ರತಿ ದಿನ. ಅದನ್ನ ಮುದ್ದು ಮಾಡೋದು ಅಂದುಕೊಂಡಿದ್ದೆ. ಅಪ್ಪ ಹೋದ ಮೇಲೆ ಡಬ್ಬಿಯನ್ನ ಯಾರೂ ಮುಟ್ಟಲಿಲ್ಲ.

ರೇಷ್ಮೆಯವರು ಹುಳು ಪೊರೆ ಬಿಡೋದಕ್ಕೆ ಜ್ವರ ಅಂತಾರೆ. ಹುಳು ಮೇವು ಬಿಟ್ಟು ತಲೆ ಎತ್ತಿ ಕೂತರೆ, ಜ್ವರಕ್ಕೆ ಕೂತಿದೆ ಅಂತ ನಮ್ಮನೆ ಚಿಕ್ಕ ಮಗುವೂ ಹೇಳುತ್ತೆ. ಆ ಮನೆಯಲ್ಲಿ ಹುಟ್ಟಿ ಬೆಳೆದ ನಾನು, ನಾಯಿ ಅನ್ನ ಬಿಟ್ಟಾಗ ಜ್ವರ ಅನ್ನೋ ಮಾತನ್ನೇ ಯೋಚಿಸಲಿಲ್ಲ. ವ್ರತ ಅಂದುಕೊಂಡೆ.

ಏಳನೇ ದಿನ ನಿಲ್ಲೋಕೂ ಆಗದೆ ವಾಲಿದಾಗ ಟೆಂಪೋದಲ್ಲಿ ಹಾಕಿಕೊಂಡು ಓಡಿದೆ. ಡಾಕ್ಟರು ಮೊದಲು ಮಾಡಿದ್ದು ತುಟಿ ಎತ್ತಿ ನೋಡಿದ್ದು. ಗುಲಾಬಿ ಬಣ್ಣ ಇರಬೇಕಾದ ಒಸಡು ಕೊಬ್ಬರಿ ಹಾಗೆ ಬೆಳ್ಳಗಿತ್ತು. ಹೊಟ್ಟೆ ಮೇಲೆ ರಾಗಿ ಕಾಳಿನಷ್ಟು ದೊಡ್ಡ ಕೆಂಪು ಚುಕ್ಕೆಗಳು. ಉಣ್ಣೆ ಜ್ವರ, ಎರ್ಲಿಕಿಯಾ ಅಂತ ಅದರ ರೋಗಾಣು, ಬಿಳಿ ರಕ್ತಕಣದೊಳಗೆ ಸೇರಿಕೊಳ್ಳುತ್ತೆ, ರಕ್ತ ಹೆಪ್ಪುಗಟ್ಟಿಸೋ ಪ್ಲೇಟ್‌ಲೆಟ್ ಕಣ ಇಳಿಸುತ್ತೆ, ಉಣ್ಣೆ ಕಚ್ಚಿದ ಒಂದರಿಂದ ಮೂರು ವಾರದಲ್ಲಿ ಕಾಣಿಸಿಕೊಳ್ಳುತ್ತೆ ಅಂದರು. ಅಪ್ಪ ಹೋದ ದಿನದಿಂದ ಲೆಕ್ಕ ಹಾಕಿದೆ. ಸರಿಯಾಗಿ ಹೊಂದಿತು. ಡಾಕ್ಸಿಸೈಕ್ಲಿನ್ ಅನ್ನೋ ಸಾಮಾನ್ಯ ಮಾತ್ರೆ, ಸುಮಾರು 28 ದಿನ ಕೊಡಬೇಕು, ಮೊದಲ ದಿನಗಳಲ್ಲೇ ಬಂದಿದ್ದರೆ ಹೆಚ್ಚಿನವು ಉಳಿಯುತ್ತವೆ ಅಂದರು. ಡ್ರಿಪ್ ಹಾಕಿದರು. ಮೂರನೇ ದಿನ ಬೆಳಗಿನ ಜಾವ ಕರಿಯ ಹೋಯಿತು. ಹಿಂದಿನ ರಾತ್ರಿ ನನ್ನ ಅಂಗೈಯಿಂದ ಎರಡು ತುಂಡು ಮೊಟ್ಟೆ ತಿಂದಿತ್ತು. ಸಾಯಬೇಕು ಅಂತಿರೋ ನಾಯಿ ಮೊಟ್ಟೆ ತಿನ್ನಲ್ಲ.

ನಾಯಿಗೆ ದುಃಖ ಇಲ್ಲ ಅಂತ ನಾನು ಹೇಳ್ತಿಲ್ಲ. ಖಂಡಿತ ಇದೆ, ಊಟ ಕಡಿಮೆಯಾಗುತ್ತೆ, ಬಾಗಿಲು ಕಾಯುತ್ತೆ. ಆದರೆ ಸಾಯೋದು ಅಂತ ಒಂದು ದಾರಿ ಇದೆ, ಅದನ್ನ ಹಿಡೀತೀನಿ ಅಂತ ನಾಯಿ ತೀರ್ಮಾನಿಸುತ್ತೆ ಅನ್ನೋದನ್ನ ನಾನು ಒಪ್ಪಲ್ಲ. ನಿಮಗೆ ಯಾರಾದರೂ ಸ್ಕಾಟ್ಲೆಂಡಿನ ಓವರ್‌ಟೌನ್ ಸೇತುವೆ ಕಥೆ ಹೇಳ್ತಾರೆ, ನಾಯಿಗಳು ಅಲ್ಲಿಂದ ಹಾರಿ ಪ್ರಾಣ ಬಿಡ್ತವೆ ಅಂತ. ಅಲ್ಲಿ ಹೋಗಿ ಪರಿಶೀಲಿಸಿದವರು ಹೇಳಿದ್ದು ಬೇರೆ. ಕೆಳಗೆ ಮಿಂಕ್ ಅನ್ನೋ ಪ್ರಾಣಿಯ ಘಾಟು ವಾಸನೆ, ನಾಯಿಯ ಕಣ್ಣೆತ್ತರಕ್ಕೆ ಬರೀ ಕಲ್ಲಿನ ಗೋಡೆ, ಆಚೆ ಪಾತಾಳ ಇದೆ ಅಂತ ಅದಕ್ಕೆ ಕಾಣೋದೇ ಇಲ್ಲ. ಜಪಾನಿನ ಹಚಿಕೋ ಕಥೆಯನ್ನೂ ಹೇಳ್ತಾರೆ. 1925ರಲ್ಲಿ ಯಜಮಾನ ಸತ್ತ ಮೇಲೂ 1935ರವರೆಗೆ ರೈಲು ನಿಲ್ದಾಣದಲ್ಲಿ ಕಾದ ನಾಯಿ. ಅದರ ದೇಹ ಪರೀಕ್ಷೆ ಮಾಡಿದಾಗ ಸಿಕ್ಕಿದ್ದು ಹೃದಯದಲ್ಲಿ ಹುಳು, ಜೊತೆಗೆ ಕ್ಯಾನ್ಸರ್. ಕಾದಿದ್ದು ನಿಜ, ಆದರೆ ಹತ್ತು ವರ್ಷ ಬದುಕಿಯೇ ಕಾದಿತ್ತು.

ಬಲವಂತ ಮಾಡಬೇಕಾ ಬೇಡವಾ ಅನ್ನೋದು ಆಮೇಲಿನ ಮಾತು. ಬಾಯಿಗೆ ಅನ್ನ ತುರುಕಬೇಡಿ, ಮನುಷ್ಯರ ಜ್ವರದ ಮಾತ್ರೆಯಂತೂ ಕೊಡಲೇಬೇಡಿ. ಮೈ ಮುಟ್ಟಿ ಜ್ವರ ಇಲ್ಲ ಅಂತಲೂ ಹೇಳಬೇಡಿ, ನಾಯಿಯ ಮೈ ಸಹಜವಾಗಿಯೇ 101, 102 ಡಿಗ್ರಿ ಇರುತ್ತೆ, ಕೈಗೆ ತಿಳಿಯಲ್ಲ. ಬೆಳಿಗ್ಗೆ ಬಾಗಿಲು ತೆಗೆಯೋ ಹೊತ್ತಿಗೇ ತಾಲ್ಲೂಕು ಪಶು ಆಸ್ಪತ್ರೆಯಲ್ಲಿರಿ, ರಕ್ತ ಪರೀಕ್ಷೆ ಮಾಡಿ ಅಂತ ನೀವೇ ಬಾಯಿ ಬಿಟ್ಟು ಕೇಳಿ. ನಿಮ್ಮ ನಾಯಿಗೆ ಕಾರಣ ಉಣ್ಣೆಯೇ ಇರಲಿಕ್ಕಿಲ್ಲ, ಮೂತ್ರಪಿಂಡದ ತೊಂದರೆ ಇರಬಹುದು, ಹಲ್ಲಿನದು ಇರಬಹುದು. ಏನೂ ಸಿಗದೆ ಬರೀ ದುಃಖವೇ ಆಗಿದ್ದರೆ ಆಗ ಪಕ್ಕದಲ್ಲಿ ಕೂತುಕೊಳ್ಳಿ.

ಈಗ ಮೊಬೈಲ್ ಟಾರ್ಚ್ ಹಿಡಿದು ಹೋಗಿ, ಮೇಲಿನ ತುಟಿ ಎತ್ತಿ ಒಸಡು ನೋಡಿ, ಕಿವಿ ಮಡಚಿ ಒಳಗೆ ನೋಡಿ. ಏನು ಕಂಡಿತು ಅಂತ ಇಲ್ಲೇ ಬರೆಯಿರಿ. ಎದ್ದೇ ಇರ್ತೀನಿ.