ಕಂಬ ನಿಂತು ವರ್ಷವಾದರೂ ಮೆಟ್ರೊ ಯಾಕೆ ಓಡುವುದಿಲ್ಲ?

ಪ್ರಶ್ನೆ: ಮಗಳ ಮನೆ ಬೆಂಗಳೂರಿನ ಬೊಮ್ಮಸಂದ್ರದ ಹತ್ತಿರ. ಹೋದಾಗಲೆಲ್ಲ ಹಳದಿ ಮಾರ್ಗದ ಕಂಬ, ನಿಲ್ದಾಣ ಸಿದ್ಧ ಇರುತ್ತಿದ್ದವು. ರೈಲು ಮಾತ್ರ ಇಲ್ಲ. ಇಷ್ಟು ತಡ ಯಾಕ್ರಿ? ಮುಂದೆ ಹುಬ್ಬಳ್ಳಿ-ಧಾರವಾಡಕ್ಕೆ ಇಂಥ ರೈಲು ಬಂದರೂ ಇದೇ ಗತಿ ಏನ್ರಿ?
ಓದುಗರೊಬ್ಬರು, ಉಣಕಲ್, ಹುಬ್ಬಳ್ಳಿ

ಉತ್ತರ: ಹಳದಿ ಮಾರ್ಗದಲ್ಲಿ ಕೊನೆಗೆ ಕಾಡಿದ್ದು ಬೋಗಿ. ಹಳಿ ಹಾಕಿ ಮುಗಿದರೂ ಬೋಗಿ ತಯಾರಿ ಹಿಂದೆ ಬಿತ್ತು. 2025ರ ಆಗಸ್ಟ್‌ನಲ್ಲಿ ಸಂಚಾರ ಶುರುವಾದಾಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಬೋಗಿ ಬಂದ ತಕ್ಷಣ ಜನರನ್ನು ಹತ್ತಿಸುವ ಹಾಗೂ ಇಲ್ಲ. ಬ್ರೇಕ್, ಸಿಗ್ನಲ್ ಎಲ್ಲದರ ಪರೀಕ್ಷೆಗೆ ತಿಂಗಳುಗಟ್ಟಲೆ ಬೇಕು. ಆಮೇಲೆ ಮೆಟ್ರೊ ರೈಲು ಸುರಕ್ಷತಾ ಆಯುಕ್ತರ ಒಪ್ಪಿಗೆ.

ಆದರೆ ಜಾಸ್ತಿ ಸಮಯ ಹೋಗುವುದು ಕಂಬ ಏಳುವ ಮುಂಚೆಯೇ. ನೀವು ಉಣಕಲ್‌ನವರು, ಬಿಆರ್‌ಟಿಎಸ್‌ಗೆ, ಅಂದರೆ ಬಸ್ಸಿಗೇ ಮೀಸಲಾದ ದಾರಿಗೆ, ರಸ್ತೆ ಅಗಲ ಮಾಡಿದ್ದನ್ನು ನೋಡಿದ್ದೀರಿ. ಸುಮಾರು 22 ಕಿ.ಮೀ. ಬಸ್ ದಾರಿಗೇ ವರ್ಷಗಳು ಹಿಡಿದವು, ಚಿಗರಿ ಬಸ್ ಓಡಿದ್ದು 2018ರಲ್ಲಿ. ಮೆಟ್ರೊ ಕಂಬಕ್ಕೆ ನೆಲ ಆಳಕ್ಕೆ ಕೊರೆಯಬೇಕು. ಅಲ್ಲಿ ಕುಡಿಯುವ ನೀರಿನ ಪೈಪು, ಒಳಚರಂಡಿ, ಕರೆಂಟ್ ಕೇಬಲ್, ಒಂದರ ಮೇಲೊಂದು. ಒಂದೊಂದಕ್ಕೂ ಬೇರೆ ಇಲಾಖೆ. ಎಷ್ಟೋ ಹಳೇ ಪೈಪಿಗೆ ಸರಿಯಾದ ನಕ್ಷೆಯೇ ಇರುವುದಿಲ್ಲ. ಊರಿಗೆ ನೀರು ನಿಲ್ಲಬಾರದು, ಹಾಗಾಗಿ ಮೊದಲು ಪಕ್ಕದಲ್ಲಿ ಹೊಸ ಪೈಪು ಹಾಕಿ, ಜೋಡಿಸಿ, ಆಮೇಲೆ ಹಳೆಯದನ್ನು ಮುಚ್ಚಬೇಕು. ಒಂದು ಕಂಬದ ಕೆಲಸ ನಿಂತುಹೋದರೆ ಅದರ ಎರಡೂ ಬದಿಯ ಗರ್ಡರ್ (ಕಂಬದಿಂದ ಕಂಬಕ್ಕೆ ಹಾಕುವ ತೊಲೆ) ಕೂರಿಸಲು ಆಗುವುದಿಲ್ಲ.

ಜಾಗದ ಕೋರ್ಟ್ ಕೇಸುಗಳ ಕಥೆ ನಿಮಗೆ ಹೇಳಬೇಕಾಗಿಲ್ಲ.

ಬೆಂಗಳೂರಲ್ಲಿ ಸುರಂಗದ ಕಷ್ಟವೂ ಇದೆ. ಒಂದು ಕಡೆ ಗ್ರಾನೈಟ್ ಬಂಡೆ, ಸ್ವಲ್ಪ ಮುಂದೆ ಸಡಿಲ ಮಣ್ಣು. ಬಂಡೆಗೆ ಸಿಕ್ಕು ಸುರಂಗ ಕೊರೆಯುವ ಯಂತ್ರದ ಕಟರ್ ಸವೆಯುತ್ತದೆ, ನಿಲ್ಲಿಸಿ ಬದಲಿಸಬೇಕು. ನೆಲದ ಮೇಲೂ ಅಡ್ಡಿ ತಪ್ಪಿದ್ದಲ್ಲ: ನೇರಳೆ ಮಾರ್ಗದಲ್ಲಿ ವೈಟ್‌ಫೀಲ್ಡ್–ಕೆ.ಆರ್. ಪುರ ತುಂಡು 2023ರ ಮಾರ್ಚ್‌ನಲ್ಲೇ ಶುರುವಾಯಿತು. ಹಳೇ ಮಾರ್ಗದ ಬೈಯಪ್ಪನಹಳ್ಳಿಗೆ ಕೂಡಿದ್ದು ಅಕ್ಟೋಬರ್‌ನಲ್ಲಿ. ನಡುವೆ ರೈಲ್ವೆ ಹಳಿ ದಾಟಬೇಕಿತ್ತು.

ಬೇಗ ಆಗುವುದೇ ಇಲ್ಲ ಅಂತಲ್ಲ. ದೆಹಲಿಯಲ್ಲಿ 1998ರಲ್ಲಿ ಕೆಲಸ ಶುರುವಾಗಿ, 2002ರ ಡಿಸೆಂಬರ್‌ಗೆ ಮೊದಲ ರೈಲು ಓಡಿತು. ಅಲ್ಲಿ ಮೆಟ್ರೊ ಮುಖ್ಯಸ್ಥರಾಗಿದ್ದ ಇ. ಶ್ರೀಧರನ್ ಅವರ ಕೈಯಲ್ಲಿ ತೀರ್ಮಾನದ ಅಧಿಕಾರ ಇತ್ತು, ಕಡತ ಅಲೆಯಲಿಲ್ಲ. ನನ್ನ ಪ್ರಕಾರ ನಮ್ಮಲ್ಲಿ ಆಗುವ ದೊಡ್ಡ ತಪ್ಪು ಅಂದರೆ, ಜಾಗ ಕೈಗೆ ಬರುವ ಮುಂಚೆಯೇ ಗುತ್ತಿಗೆ ಕೊಡುವುದು. ಗುತ್ತಿಗೆದಾರ ಬಂದು ಕಾಯುತ್ತಾನೆ, ಖರ್ಚು ಏರುತ್ತದೆ.

ನಮ್ಮ ಅವಳಿ ನಗರಕ್ಕೆ ಯೋಜನೆ ಬಂದ ದಿನ ಶಾಸಕರನ್ನು, ಪಾಲಿಕೆ ಸದಸ್ಯರನ್ನು ಒಂದು ಮಾತು ಕೇಳಿ: ಎಷ್ಟು ಜಾಗ ಕೈಗೆ ಬಂದಿದೆ, ಬೋಗಿಗೆ ಆರ್ಡರ್ ಯಾವಾಗ?